ಅಂಗೈಯಗಲ ಗಾಳಿ

ಹೊಳೆಬಾಗಿಲಿನಾಚೆ, ಮುಳುಗಿದ ಮರದ ಕೊರಡಿಗೆ
ಕಟ್ಟಿದ್ದ ಗೂಡುಬಲೆ ಎಳೆದೆ.
ಏಳು ಜಿಲೇಬಿ, ಒಂದು ಕುಚ್ಚು,
ಅಡಿಯಲ್ಲಿ ಆಮೆ.
ಕತ್ತು ನೀಳ ಚಾಚಿತ್ತು ಮೇಲಕ್ಕೆ,
ಬಾಯಲ್ಲಿ ನೂಲು.

"ನೀರಿನ ಜೀವ ನೀರಲ್ಲಿ ಸಾಯ್ತದೇನೋ?"
ದೋಣಿಯ ಆ ತುದಿಯಿಂದ ಭರ್ಮಣ್ಣ ನಕ್ಕ.
ನಾನೂ ನಕ್ಕವನೇ, ಇಷ್ಟು ವರ್ಷ.
ಮನೆಗೆ ಬಂದು ಬಕೆಟ್ಟಿನಲ್ಲಿ ಮುಖ ಮುಳುಗಿಸಿ ಎಣಿಸಿದೆ:
ನಲವತ್ತೊಂದಕ್ಕೆ ಎದೆ ಒದೆಯಿತು.
ಹಿಂದಿನಿಂದ ನಾಗತಿ, "ಹುಚ್ಚು ಹಿಡೀತಾ?"

ಹುಚ್ಚೇ ಇರಬೇಕು. ಅವಳೇ ಹುಡುಕಿ ಕೊಟ್ಟಳು
ಅಟ್ಟದಿಂದ ಎರಡು ಲೀಟರಿನ ಖಾಲಿ ಬಾಟಲಿ,
ಮಗಳ ನಾಮಕರಣದ್ದು.
ಮುಚ್ಚಳ ಬಿಗಿದು ಬಲೆಯ ಬಾಲದೊಳಕ್ಕೆ ತುರುಕಿದೆ.
ಬಾಲ ಎದ್ದಿತು.
ನೂಲಿಗೂ ನೀರಿಗೂ ನಡುವೆ
ಅಂಗೈಯಗಲ ಗಾಳಿ.

ಮೀನು ಕಮ್ಮಿಯಾಯಿತು, ಸುಳ್ಳು ಹೇಳಲಾರೆ.
ಬಾಲ ಎದ್ದರೆ ಬಾಯಿ ಓರೆ.
ಒಂದು ಸಲ ನೀರುನಾಯಿ ಮೇಲಿನಿಂದಲೇ ಹರಿದು ತಿಂದಿತು.
ಸಾಗರದ ಪೇಟೆಯಲ್ಲಿ ಜುಲೇಖಾಬಿ ತಕ್ಕಡಿ ಎತ್ತಿ,
"ಬಾಕಿ ಮೀನು ಎಲ್ಲಿ, ಬಾಟಲಿ ಕುಡೀತಾ?" ಅಂದಳು.
ಸಂತೆಯೆಲ್ಲ ನಕ್ಕಿತು.
ಆ ರಾತ್ರಿ ಬಾಟಲಿ ಕಿತ್ತೆಸೆಯಲು ಹೋಗಿ
ದೋಣಿಯಲ್ಲೇ ಕೂತು ಬೀಡಿ ಸೇದಿ ಬಂದೆ.

ಇವತ್ತು ಬೆಳಗ್ಗೆ, ಮಂಜು ಇನ್ನೂ ಕೊರಡಿನ ಮೇಲೆ,
ಬಾಟಲಿ ಅಲುಗುತ್ತಿತ್ತು.
ಪಕ್ಕದಲ್ಲಿ, ಬಲೆ ಹೊಲಿಯುವ ಸೂಜಿಯಲ್ಲಿ ಚುಚ್ಚಿದ ಹಾಗೆ
ಎರಡು ಮೂಗಿನ ತೂತು.
ಒಂದು ಸಲ, ಉಫ್.

ಬಿಡಿಸಿದೆ. ಮೊದಲು ಹೆಬ್ಬೆರಳು ಕಚ್ಚಿತು,
ಆಮೇಲೆ ಹೋಯಿತು.
ನನ್ನ ರಕ್ತ ನೀರಲ್ಲಿ ಎಳೆಯೆಳೆಯಾಗಿ
ಅದರ ಹಿಂದೆ ಸ್ವಲ್ಪ ದೂರ.

ಭರ್ಮಣ್ಣ ನೋಡಿದ, ಏನೂ ಅನ್ನಲಿಲ್ಲ.
ದಡಕ್ಕೆ ಬಂದು ಹಗ್ಗ ಸುತ್ತುತ್ತ, ಬೇರೆಲ್ಲೋ ನೋಡುತ್ತ ಕೇಳಿದ:
"ಆ ಬಾಟಲಿ ಮುಚ್ಚಳ
ಸೋರಲ್ವಾ?"