ಹದಿನಾರನೇ ಬ್ಲಾಕು

ಕ್ವಾರಿಯೊಳಗ ಎಲ್ಲಾಕ್ಕೂ ನಂಬರ ಐತಿ.
ಕಡದ ಕಲ್ಲಿಗೆ, ಲಾರಿಗೆ, ತಗಡಿನ ಶೆಡ್ಡಿಗೆ,
ಹಾಜರಿ ಪುಸ್ತಕದಾಗಿನ ಮಂದಿಗೆ.
ನನ್ನ ಕೆಲಸ ಅವನ್ನ ಚೀಟಿಗೆ ಇಳಸೂದು.
ಬಸ್‌ಸ್ಟ್ಯಾಂಡಿನ ಹಿಂದ, ಪಂಚರ್ ಅಂಗಡಿ ಕಟ್ಟಿ ಮ್ಯಾಲ
ಹನ್ನೊಂದು ವರ್ಷದಿಂದ ಓಸಿ ಬರೀತೀನಿ:
ಒಂದಕ್ಕ ಎಂಬತ್ತು.
ಹೆಸರಿಲ್ಲ, ಸಹಿ ಇಲ್ಲ.

ಇಳಕಲ್ಲಿನ ಕೆಂಪುಕಲ್ಲು ಹಡಗ ಹತ್ತಿ
ಯಾವುದೋ ದೇಶದ ಗೋರಿಗೆ, ಬ್ಯಾಂಕಿನ ಮೆಟ್ಟಿಲಿಗೆ ಹೋಗತೈತಂತ.
ಚೂರುಪಾರು ನಮ್ಮ ಗಟಾರದ ಮ್ಯಾಲ ಹಾಸೈತಿ.
ಹೊತ್ತು ಮುಳಗೂದ ತಡ, ಮಂದಿ ಬರತಾರ:
ಉಳಿ ಹಿಡದು ಹಿಡದು ಬೆರಳು ಮಡಚಲಾರದ ದುರಗಪ್ಪ ವಡ್ಡರ,
ಕನ್ನಡದಾಗ ಅಂಕಿ ಅಷ್ಟ ಕಲತ ಒಡಿಶಾದ ಹುಡುಗೂರು,
ಪಾಲಿಶ್ ಮಷೀನಿನ ನೀರಾಗ ನಿಂತು ಪಾದ ಬಿಳಚಿದ
ತಾಂಡಾದ ಸೀತಾಬಾಯಿ.
ಮಗ್ಗ ಮಾರಿ ಕಟಿಂಗಿಗೆ ಸೇರಿದ ಈರಣ್ಣ
ಇನ್ನೂ ಎಳಿ ಎಣಿಸಿದಂಗನ ಚಿಲ್ಲರ ಎಣಸತಾನ.
ಕನಸಿನಾಗ ಹಾವು ಬಂದ್ರ ಏಳು,
ಸತ್ತವರು ಮಾತಾಡಿದ್ರ ಸೊನ್ನಿ,
ಮಾತಾಡದ ಸುಮ್ಮನ ನಿಂತ್ರ? ಅದು ನನಗೂ ಗೊತ್ತಿಲ್ಲ.

ಬ್ಲಾಕಿನ ಮ್ಯಾಲ ಕೆಂಪು ಬಣ್ಣದಾಗ
ನಂಬರ ಬರಿಯಾಂವ ಮಾನಪ್ಪ.
ಅವನ ಆರು ನೋಡಬೇಕು ನೀವು,
ಹೊಟ್ಟಿ ತುಂಬಿ ಕುಂತ ಕೂಸು.
ಅವನೂ ಅಂಕಿ ಬರಿಯಾಂವ, ನಾನೂ.
ಒಂದ ದಿನಾನೂ ಆಡಲಿಲ್ಲ.
"ಬರದಾಂವ ಆಡಬಾರದೋ" ಅಂತ ನಕ್ಕು,
ನನ್ನ ಬೀಡಿಯಿಂದ ತನ್ನ ಬೀಡಿ ಹಚಗೊಂತಿದ್ದ.

ಮಂಗಳವಾರ ಹಗ್ಗ ಹರೀತು.
ಬರದ ಬಣ್ಣ ಇನ್ನೂ ಆರಿರಲಿಲ್ಲ,
ಹದಿನಾರನೇ ಬ್ಲಾಕು ಉರುಳಿ ಅವನ ಮ್ಯಾಲ ಬಿತ್ತು.

ಹುನಗುಂದದ ದವಾಖಾನಿಯಿಂದ ಹೆಣ ಬಂದಿರಲಿಲ್ಲ,
ನನ್ನ ಕಟ್ಟಿ ಮುಂದ ಪಾಳಿ ಹಚ್ಚಿದ್ರು.
ಹದಿನಾರು. ಹದಿನಾರು. ನನಗೂ ಹದಿನಾರು.
"ಸತ್ತಾಂವ ನಮ್ಮನ್ನ ಬರಿಗೈಲೆ ಕಳಸಂಗಿಲ್ಲ."
ಸೀತಾಬಾಯಿ ಅಳಕೋತ ಹತ್ತು ರೂಪಾಯಿ ಕೊಟ್ಲು.
ಆ ಅಳು ಸುಳ್ಳಲ್ಲ, ಆಣಿ ಮಾಡಿ ಹೇಳತೀನಿ.
ಪೆನ್ನಿನ ಶಾಯಿ ತೀರಿ, ಎರಡನೇ ಪೆನ್ನು ತಂದೆ.
ಹದಿನಾರು ಬಂದ್ರ ನಿಪ್ಪಾಣಿ ಸೇಠ
ನನ್ನ ಚರ್ಮ ಸುಲೀತಿದ್ದ.
ಬರಬಾರದು ಅಂತ ಬೇಡಕೊಂಡೆ.
ಗೆಳ್ಯಾನ ಸಾವಿನ ರಾತ್ರಿ
ನಾ ದೇವರ ಹತ್ರ ಕೇಳಿದ್ದು ಅದೊಂದನ್ನ.

ಕಡೀಕ ಬಂದಾಂವ ಕ್ರೇನಿನ ದಸ್ತಗೀರ.
ಗ್ರೀಸು ಮೆತ್ತಿದ ಇಪ್ಪತ್ತರ ನೋಟು.
ಮಾರಿ ಎತ್ತಲಿಲ್ಲ. "ತೊಂಬತ್ತೊಂದು" ಅಂದ.
ಬರದೆ. ಕೇಳಲಿಲ್ಲ.

ಓಪನ್ ಒಂಬತ್ತು.
ನಡುರಾತ್ರಿ ಕ್ಲೋಸ್ ಒಂದು.

"ಅಯ್ಯ, ಕಲ್ಲು ಮಗುಚಿ ಬಿದ್ದಿತ್ತಲ್ಲೋ!" ಅಂತ
ಊರಿಗೂರ ಹಣಿ ಹಣಿ ಬಡಕೊಂತು,
"ತೆಲಿಕೆಳಗ ಓದಬೇಕಿತ್ತು!"
ಆರು ಮಗುಚಿದ್ರ ಒಂಬತ್ತು. ಕೂಸು ಬೋರಲ ಬಿದ್ದಂಗ.
ಕ್ರೇನಿನ ಗಾಜಿನೊಳಗ ಕುಂತು, ಸರಪಳಿ ಇಳಿಸಿ,
ಅದನ್ನ ಎತ್ತಿದಾಂವ ಒಬ್ಬನ ಓದಿದ್ದ.

ಇಪ್ಪತ್ತಕ್ಕ ಸಾವಿರದ ಆರುನೂರು.
ದಸ್ತಗೀರ ಬರಲಿಲ್ಲ. ಮೂರನೇ ದಿನ ನಾನ ಹೋದೆ.
ಡೀಸೆಲ್ ಹಾಕೋತ ನಿಂತಿದ್ದ.
"ಯಾವ ಚೀಟಿ?" ಅಂದ.

ಕಂಪನಿಯವರು ಹುಲಿಗೆವ್ವನ ಹೆಬ್ಬಟ್ಟು ಒತ್ತಿಸಿಕೊಂಡು
ಒಂದಿಷ್ಟು ಕೊಟ್ಟಾರಂತ, ಎಷ್ಟೋ ಏನೋ.
ಕಲ್ಲು ತೊಳದು, ಬ್ಯಾರೆ ನಂಬರ ಹಾಕಿ, ಲಾರಿ ಹತ್ತಿಸಿದ್ರು.
ಹೊಸಾ ಹುಡುಗನ ಆರು ಸೊನ್ನಿಯಂಗ ಕಾಣತಾವು.

ರೊಕ್ಕ ನನ್ನ ಬಿಸ್ಕೀಟಿನ ಡಬ್ಬ್ಯಾಗ ಐತಿ.
ಹುಲಿಗೆವ್ವನ ಮನಿತನಕ ಎರಡು ಸಲ ಹೋಗಿ ಬಂದೆ.
ಏನಂತ ಹೇಳಿ ಕೊಡ್ಲಿ?
ಎರಡನೇ ಸಲ, ಕಟ್ಟಿ ಮ್ಯಾಲ ಜ್ವಾಳ ಹಸನ ಮಾಡತಿದ್ದ
ಮಾನಪ್ಪನ ಅವ್ವ ಮರ ಕೆಳಗಿಟ್ಟು,
ಅತ್ತಿತ್ತ ನೋಡಿ, ಸಣ್ಣಗ ಕೇಳಿದ್ಲು:
"ಇವತ್ತೇನು ಬರತೈತೋ ತಮ್ಮಾ?"