ದಾರ ಕಾಣದ ಮಣಿ

ಲುವೋಯಾಂಗಿನ ಹಳೆ ಕೋಟೆಗೋಡೆಯ ಬುಡದಲ್ಲಿ
ನಸುಕಿನ ನಾಲ್ಕಕ್ಕೆ ನೆರೆಯುತ್ತದೆ ದೆವ್ವದ ಸಂತೆ.
ಬೆಳಕು ಹರಿದರೆ ಮುಗಿಯಿತು,
ಅಂಗಡಿಯೂ ಇಲ್ಲ, ಅಂಗಡಿಯವನೂ ಇಲ್ಲ.
ಟಾರ್ಚು ಮಾಲಿನ ಮೇಲೆ ಬಿಡಬೇಕು, ಮುಖದ ಮೇಲಲ್ಲ.
ಎಲ್ಲಿಂದ ಬಂತು ಎಂದು ಕೇಳಬಾರದು.

ಮೂವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವನು ನಾನು,
ಭೂತಗನ್ನಡಿ ಇನ್ನೂ ಕೊರಳಲ್ಲೇ ಇದೆ.
ಗಿರಾಕಿಗಳು ಫೋನಿನಲ್ಲಿ ಹೊತ್ತು ನೋಡತೊಡಗಿದ ಮೇಲೆ
ಇನ್ನೂ ಹಳೆಯ ಕಾಲಕ್ಕೆ ಕೈ ಹಾಕಿದೆ:
ಚೌ ದೊರೆಗಳ ಕಾಲದ ಫಯಾನ್ಸ್ ಮಣಿ,
ಮರಳು, ಬೂದಿ, ತಾಮ್ರದ ಕಿಲುಬು ಕಲಸಿ ಸುಟ್ಟದ್ದು,
ಗಾಜಾಗಲು ಹೊರಟು
ನಡುದಾರಿಯಲ್ಲಿ ಮನಸ್ಸು ಬದಲಿಸಿದ ಹಾಗೆ.
ನಾಲಿಗೆಗೆ ಮುಟ್ಟಿಸಿದರೆ ಕಚ್ಚಿಕೊಳ್ಳುತ್ತದೆ,
ಮೂರು ಸಾವಿರ ವರ್ಷದ ಬಾಯಾರಿಕೆ.
"ಯಾವ ಹೆಣದ ಮೇಲಿತ್ತೋ ಏನೋ, ಬಾಯಿಗೆ ಹಾಕಬೇಡ"
ಎಂದು ಗದರುತ್ತಾಳೆ ಪೇಯ್‌ಲಾನ್.

ಕಳೆದ ಚಳಿಗಾಲ ಗೆಂಗ್‌ನ ಚಾಪೆಯಲ್ಲಿ ಸಿಕ್ಕಿತು ಕಣ್ಮಣಿ.
ನೀಲಿ ಗಾಜು, ಬಿಳಿ ಬಳೆಯೊಳಗೆ ಕಂದು ಬಳೆ,
ಸುತ್ತ ಏಳು ಕಣ್ಣು, ಏರೋಪ್ಲೇನ್ ಚಿಟ್ಟೆಯ ಹಾಗೆ ಉಬ್ಬಿದ್ದು,
ಅದರ ಮೇಲೆ ಸುಣ್ಣದಂಥ ಪೊರೆ.
ಸೀಸ ಬೆರೆತದ್ದು, ಗಾತ್ರಕ್ಕೆ ಮೀರಿ ಭಾರ.
ಮೂರು ತಿಂಗಳ ಪಿಂಚಣಿ ಎಣಿಸಿಕೊಟ್ಟೆ.
ಚೌಕಾಸಿ ಮಾಡಲೂ ಮರೆತೆ.

ಪೇಯ್‌ಲಾನಳ ಕಣ್ಣಿಗೂ ಪೊರೆ ಬಂದಿದೆ.
ನೂಲಿನ ಗಿರಣಿಯಲ್ಲಿ ವಯಸ್ಸು ಕಳೆದವಳು,
ಬೆರಳಲ್ಲೇ ನೋಡುತ್ತಾಳೆ.
ತೂತಿನ ಅಂಚಿಗೆ ಉಗುರು ಆನಿಸಿ ಒಂದು ಸುತ್ತು,
ಮತ್ತೆ ಹಿಮ್ಮುಖವಾಗಿ ಒಂದು ಸುತ್ತು.
ದಾರ ಮೆತ್ತಗಿದ್ದರೂ ಗಾಜನ್ನು ತಿನ್ನುತ್ತದೆ, ಅವಳಿಗೆ ಗೊತ್ತು.
"ಇದನ್ನು ಯಾರೂ ತೊಟ್ಟಿಲ್ಲ" ಎಂದಳು,
ಅನ್ನದ ಪಾತ್ರೆ ಇಳಿಸಲು ಹೋದಳು.

ಅಂದರೆ ಬೋಷಾನಿನ ಕುಲುಮೆಯಲ್ಲಿ ಹೋದ ವರ್ಷ ಹುಟ್ಟಿ
ಆಮ್ಲದಲ್ಲಿ ಮಿಂದು ಮುದಿಯಾದದ್ದೇ?
ಮರುವಾರ ಗೆಂಗ್‌ನ ಚಾಪೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ.
ಅವನು ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು ನಕ್ಕ:
"ಸತ್ತವರಿಗೆಂದೇ ಮಾಡಿದ್ದು ಮಾರಾಯ.
ಹೆಣ ಎದ್ದು ಓಡಾಡುತ್ತದೆಯೇ, ತೂತು ಸವೆಯಲು?"

ಮೋಸಗಾರನಿಗೂ ಗೋರಿಗೂ ಸಾಕ್ಷಿ ಒಂದೇ,
ಸವೆಯದ ತೂತು.

ಝೆಂಗ್‌ಝೌದ ಮ್ಯೂಸಿಯಮ್ಮಿನಲ್ಲಿ ತಂಗಿಯ ಮಗಳಿದ್ದಾಳೆ,
ಕಿರಣ ಹಾಯಿಸಿ ವಯಸ್ಸು ಹೇಳಿಸುತ್ತೇನೆ, ಬನ್ನಿ, ಎಂದಳು.
ರೈಲಿನ ಟಿಕೆಟ್ಟೂ ಕೊಂಡಿದ್ದೆ. ಹೋಗಲಿಲ್ಲ.
ಎಲ್ಲಿಂದ ಬಂತು ಎಂದು ಅಲ್ಲಿ ಕೇಳುತ್ತಾರೆ.

ಈಗ ಅದು ಪೇಯ್‌ಲಾನಳ ಕೊರಳಲ್ಲಿದೆ,
ಗಿರಣಿಯಿಂದ ತಂದು ಮಿಕ್ಕ ಕೆಂಪು ನೂಲಿನಲ್ಲಿ.
ಹಳೆಯದಾದರೆ ಆಗಲಿ, ಹೊಸದಾದರೆ ಇಲ್ಲಿಂದ ಹಳೆಯದಾಗಲಿ, ಎಂದು
ಅವಳೇ ಪೋಣಿಸಿಕೊಂಡಳು, ಕೇಳದೆ.
ಬಗ್ಗಿ ಹಿಟ್ಟು ನಾದುವಾಗ
ಬೋಗುಣಿಯ ಅಂಚಿಗೆ ತಾಗಿ
ಟಿಕ್ ಎನ್ನುತ್ತದೆ.
ಒಳಕೋಣೆಯಲ್ಲಿ ನಾನು, ಹಳೆಯ ಚಾಳಿ,
ಮುಂದಿನ ಟಿಕ್‌ಗೆ ಕಿವಿಗೊಟ್ಟು ಕಾಯುತ್ತೇನೆ.