ರಟ್ಟಿನ ಅಳತೆ

ಕುರ್ಲಾದ ಪೈಪ್ ರೋಡಿನಲ್ಲಿ, ಪತ್ರಾದ ಕೆಳಗೆ,
ಜಲಜ ಚಿಕ್ಕಮ್ಮನ ಏಳು ಮಶೀನು.
ಗೋಡೆಯ ಮೊಳೆಗೆ ನೇತುಬಿದ್ದಿದೆ ಒಂದು ರಟ್ಟು:
ಶಾಲೆಯ ಅಂಗಿ, ಸೈಜು ಇಪ್ಪತ್ತೆಂಟು.
ಅಂಚು ಎಣ್ಣೆ ಕುಡಿದು ಕಪ್ಪಾಗಿದೆ.
ನಾನು ಹುಟ್ಟುವ ಮೊದಲೂ ಅದೇ ಕತ್ತು, ಅದೇ ಕಂಕುಳು.

ಪಕ್ಕದಲ್ಲೇ ಮದುವೆ ರವಿಕೆಗಳ ಗಂಟು.
ಹೋದ ವರ್ಷ ದೋಣಿ ಕತ್ತು, ಈ ವರ್ಷ ಬೆನ್ನಿಗೊಂದು ಕಿಟಕಿ,
ತೋಳು ಒಮ್ಮೆ ಬುಗ್ಗೆ, ಒಮ್ಮೆ ಬರೀ ಗಾಳಿ.
ಯಾರೂ ಬೇಡ ಅನ್ನುವುದಿಲ್ಲ.

ಹಗಲೆಲ್ಲ ನಾನು ಪವಾಯಿಯಲ್ಲಿ
ಪ್ರೋಟೀನುಗಳ ಅಕ್ಷರ ಹೊಂದಿಸುತ್ತೇನೆ, ಒಂದರ ಕೆಳಗೊಂದು:
ಯೀಸ್ಟು, ನೊಣ, ಬಟಾಣಿ, ಹಸು.
ಕೆಲವು ಸಾಲು ನೂರು ಕೋಟಿ ವರ್ಷ ದಾಟಿಯೂ ಕದಲಿಲ್ಲ.
ಒಂದರಲ್ಲಿ, ಬಟಾಣಿಗೂ ಹಸುವಿಗೂ
ನೂರೆರಡು ಅಕ್ಷರಕ್ಕೆ ಎರಡೇ ಅಕ್ಷರದ ತಕರಾರು.
ಕೆಲವಕ್ಕೆ ಒಡಹುಟ್ಟಿದವರ ಗುರುತೂ ಇಲ್ಲ.

ಮುಖ್ಯವಾದದ್ದು ಬದಲಾಗುವುದಿಲ್ಲ ಅಂದುಕೊಂಡಿದ್ದೆ.
ಒಂದೊಂದೇ ಜೀನು ಕಿತ್ತು ನೋಡಿದೆವು,
ಯಾವುದಿಲ್ಲದೆ ಯೀಸ್ಟು ಸಾಯುತ್ತದೆಂದು.
ಸಾವಿನ ಪಟ್ಟಿಗೂ ನಿಧಾನದ ಪಟ್ಟಿಗೂ
ಹೊಂದಿದ್ದು ಅಲ್ಪಸ್ವಲ್ಪ.

ಚಿಕ್ಕಮ್ಮ ದಾರ ಕಚ್ಚಿ ಉಗಿದಳು:
"ಮದುಮಗಳಿಗೆ ರವಿಕೆಗಿಂತ ಮುಖ್ಯ ಯಾವುದು ಮಾರಾಯ್ತಿ?
ಆದ್ರೆ ಹೊಲಿಯುದು ಒಂದೇ. ಕೆಟ್ರೆ ಒಬ್ಳು ಅಳ್ತಾಳೆ.
ಅಂಗಿ ಎಷ್ಟು, ಹೇಳು."

ಆ ಜೂನು ನನಗೂ ನೆನಪಿದೆ.
ಸೋರಿದ ನೀರಿಗೆ ರಟ್ಟು ಉಬ್ಬಿ, ಇಸ್ರಾಫಿಲ್ ಮಾಸ್ತರ
ಹೊಸದು ಕತ್ತರಿಸಿದ; ಕಂಕುಳಲ್ಲಿ ಅರ್ಧ ಇಂಚು ತಪ್ಪು.
ಆರುನೂರು ಅಂಗಿ ವಾಪಸು.
ಕೈ ಎತ್ತಲಾರದ ಅಂಗಿಗಳು
ಮಶೀನಿನ ಕಾಲಿಗೆ, ಏಣಿಗೆ, ಒಂದಕ್ಕೊಂದು ತೊಡರಿ,
ಸರಿಯಾದ ಬಟ್ಟೆಗೂ ಜಾಗವಿಲ್ಲ, ಚಹಾದ ಹುಡುಗ ಬಾಗಿಲಲ್ಲೇ.
ಮೂರು ವಾರ ಬಿಚ್ಚಿದ್ದೇ ಬಿಚ್ಚಿದ್ದು.
ಹೊಲಿದರೆ ಕೂಲಿ ಉಂಟು,
ಬಿಚ್ಚಿದ್ದಕ್ಕೆ ಯಾರು ಕೊಡುತ್ತಾರೆ?

ಜೀವಕೋಶವೂ ಇಂಥದೇ ಖೋಲಿ ಇರಬೇಕು.
ಲಕ್ಷ ಪ್ರತಿ ತೆಗೆಯುವ ಪ್ರೋಟೀನು ತಪ್ಪಾಗಿ ಮಡಿಚಿಕೊಂಡರೆ
ಅದು ಮಾಡದೆ ಬಿಟ್ಟ ಕೆಲಸಕ್ಕಿಂತ
ಅದು ಅಲ್ಲಿ ಬಿದ್ದಿರುವುದೇ ಕೇಡು.

ನಮ್ಮ ಲ್ಯಾಬಿನಲ್ಲಿ ಇದು ಇನ್ನೂ ಮುಗಿದ ಮಾತಲ್ಲ.
ಅಂಟು ಎನ್ನುತ್ತಾರೆ ಒಬ್ಬರು, ಖರ್ಚು ಎನ್ನುತ್ತಾರೆ ಇನ್ನೊಬ್ಬರು.
ಗ್ರಾಫಿನ ಚುಕ್ಕೆಗಳು ಗುಂಪಾಗಿ ಇಳಿಜಾರು ಹಿಡಿದರೂ
ನಾಲ್ಕೈದು ಮಾತ್ರ ದೂರ ನಿಂತು
ನನ್ನನ್ನೇ ನೋಡುತ್ತವೆ.

ರಾತ್ರಿ ಹತ್ತು. ಶಟರು ಅರ್ಧ ಇಳಿದಿದೆ.
ಚಿಕ್ಕಮ್ಮನ ಲೆಕ್ಕದ ಪುಸ್ತಕ ಮರಾಠಿ, ಬೈಗುಳ ಹಿಂದಿ,
ಬಣ್ಣಗಳ ಹೆಸರು ಸೂರತ್ತಿನ ವ್ಯಾಪಾರಿಯದು;
ಊರಲ್ಲಿ ನೊರೆಗೆ, ಮಂಜಿಗೆ ಏನನ್ನುತ್ತಿದ್ದಳೋ, ಮರೆತಿದ್ದಾಳೆ.
ಅಂಗಿಯ ಕಟ್ಟು ಮಡಿಲಿಗೆಳೆದು, ಹೆಬ್ಬೆರಳಿಗೆ ಉಗುಳು ಹಚ್ಚಿ,
ಒಂದು, ಎರಡು, ಮೂರು...
ನಾನೇನೋ ಕೇಳಹೊರಟೆ.
ತಲೆ ಎತ್ತದೆ ಎಡಗೈ ಎತ್ತಿದಳು:
ನಾಲ್ಕು, ಐದು.